ನಾಯಿ, ಬೆಕ್ಕು ಎರಡೂ ಇರುವ ಮನೆಗೆ: ಊಟ, ಉಣ್ಣಿ ಮದ್ದು, ಆಪರೇಷನ್, ಆಸ್ಪತ್ರೆ ಆರಿಸುವುದು ಹೇಗೆ?

ನಮ್ಮ ಮನೆಯಲ್ಲಿ ರಾಜ ಎಂಬ ನಾಯಿ ಇದ್ದಾನೆ, ಚಿನ್ನಿ ಎಂಬ ಬೆಕ್ಕು ಇದ್ದಾಳೆ. ರಾಜ ಮಂಡಕ್ಕಿ ಭಟ್ಟಿ ಹತ್ತಿರ ಮಳೆಯಲ್ಲಿ ನೆನೆಯುತ್ತಾ ಸಿಕ್ಕ ಮರಿ. ಈಗ 18 ಕೆಜಿ ತೂಗುತ್ತಾನೆ. ಚಿನ್ನಿ ಮೂರೂವರೆ ಕೆಜಿ. ದಾವಣಗೆರೆಯ ನಿಟುವಳ್ಳಿಯ ನಮ್ಮ ಓಣಿಯಲ್ಲಿ ಯಾರಾದರೂ ಹೊಸದಾಗಿ ಮರಿ ತಂದರೆ ಸಂಜೆ ಹೊತ್ತಿಗೆ ನಮ್ಮ ಗೇಟಿನ ಹತ್ತಿರ ನಿಂತು ಕೇಳುತ್ತಾರೆ. ಮನೆ ಊಟ ಹಾಕೋದಾ, ಪ್ಯಾಕೆಟ್ ತರೋದಾ? ಉಣ್ಣಿಗೆ ಸ್ಪ್ರೇ ಒಳ್ಳೇದಾ, ಮಾತ್ರೆ ಒಳ್ಳೇದಾ? ಆಪರೇಷನ್ ಬೇಕಾ, ಇಂಜೆಕ್ಷನ್ ಸಾಕಾ? ದನದ ಆಸ್ಪತ್ರೆಗೆ ಹೋಗೋದಾ, ಪ್ರೈವೇಟ್ ಕ್ಲಿನಿಕ್ಕಿಗಾ?

ನಾನು ತಿರುಗಿ ಕೇಳುವುದು ಒಂದೇ. ನಾಯಿಗಾ, ಬೆಕ್ಕಿಗಾ?

ಎರಡೂ ಸಾಕಿದ ಮನೆಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಪಾಲು ಬೆಕ್ಕನ್ನು ಚಿಕ್ಕ ನಾಯಿ ಅಂದುಕೊಂಡು ಆದ ತಪ್ಪುಗಳು. ನಾಯಿಗೆ ಒಂದು ತಟ್ಟೆ ಹಾಕಿದರೆ ಬೆಕ್ಕಿಗೆ ಅದರಲ್ಲೇ ಅರ್ಧ. ನಾಯಿಗೆ ಒಂದು ಮಾತ್ರೆಯಾದರೆ ಬೆಕ್ಕಿಗೆ ಕಾಲು. ಹೀಗೆ ಲೆಕ್ಕ ಹಾಕಿ ನಾನೂ ಒಮ್ಮೆ ಚಿನ್ನಿಯನ್ನು ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ. ಅದನ್ನು ಉಣ್ಣಿಯ ವಿಷಯ ಬಂದಾಗ ಹೇಳುತ್ತೇನೆ.

ಮನೆ ಊಟವೋ, ಪ್ಯಾಕೆಟ್ಟೋ

ನಾಯಿಗಾದರೆ ಎರಡೂ ನಡೆಯುತ್ತದೆ. ಸಾವಿರಾರು ವರ್ಷ ಮನುಷ್ಯರ ಒಲೆಯ ಪಕ್ಕದಲ್ಲೇ ಬೆಳೆದ ಪ್ರಾಣಿ ಅದು. ಅನ್ನ, ರೊಟ್ಟಿ, ಮುದ್ದೆ ಅರಗಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ನಾಯಿಗೆ ಜಾಸ್ತಿ. ಆದರೆ ಅರಗುವುದು ಬೇರೆ, ಸಾಲುವುದು ಬೇರೆ. ಬರೀ ಹಾಲು ಅನ್ನ, ಮೊಸರನ್ನ ತಿಂದು ಬೆಳೆದ ಮರಿಗಳ ಮುಂಗಾಲು ಬಿಲ್ಲಿನ ಹಾಗೆ ಬಾಗಿರುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಮಾಂಸ ಹಾಕಿದರೂ ಅಷ್ಟೇ. ಬರೀ ಮಾಂಸ, ಅನ್ನದಲ್ಲಿ ಸುಣ್ಣದ ಅಂಶ ಸಾಲುವುದಿಲ್ಲ. ಬೆಳೆಯುವ ಮರಿಗೆ ಮನೆ ಊಟ ಕೊಡುವವರು ಕ್ಯಾಲ್ಸಿಯಂ ಎಷ್ಟು ಬೇಕು ಎಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಅಂದಾಜಿನಲ್ಲಿ ಹಾಕಬೇಡಿ. ಜಾಸ್ತಿ ಆದರೂ ಮೂಳೆ ಕೆಡುತ್ತದೆ.

ನಾನು ರಾಜನಿಗೆ ಹಾಕುವುದು ಬೆಳಿಗ್ಗೆ ಪ್ಯಾಕೆಟ್ ಕಾಳು, ರಾತ್ರಿ ಮನೆ ಊಟ. ಕೋಳಿ ಮತ್ತು ಸ್ವಲ್ಪ ಲಿವರ್ ಬೇಯಿಸಿ, ಅನ್ನ, ಕುಂಬಳಕಾಯಿ ಅಥವಾ ಕ್ಯಾರೆಟ್ ಸೇರಿಸುತ್ತೇನೆ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಮೂಳೆ ತೆಗೆದೇ ಹಾಕುತ್ತೇನೆ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಮನೆ ಊಟ ಎಂದಾಗ ನಮ್ಮ ಸಾರು ಕಲಸಿದ ಅನ್ನ ಎಂದೇ ಅನೇಕರು ತಿಳಿಯುತ್ತಾರೆ. ದಯವಿಟ್ಟು ಬೇಡ. ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದೇ ಇರುತ್ತದೆ. ಅವು ನಾಯಿ, ಬೆಕ್ಕು ಎರಡರ ರಕ್ತದ ಕೆಂಪು ಕಣಗಳನ್ನೂ ಒಡೆಯುತ್ತವೆ. ಬೇಯಿಸಿದರೂ, ಹುರಿದು ಪುಡಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಇದರಲ್ಲೂ ಬೆಕ್ಕು ಇನ್ನೂ ಸೂಕ್ಷ್ಮ. ಒಂದು ಕೆಜಿ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ರಕ್ತ ಕೆಡಲು. ಚಿನ್ನಿಯ ತೂಕಕ್ಕೆ ಅದು ಒಂದು ಸಣ್ಣ ಈರುಳ್ಳಿಯ ಹೋಳು ಅಷ್ಟೇ. ಸಂಜೆ ಖಾರ ಮಂಡಕ್ಕಿ ತಿನ್ನುತ್ತಾ ನಾಯಿಗೂ ಒಂದು ಮುಷ್ಟಿ ಎಸೆಯುವ ರೂಢಿ ನಮ್ಮ ಊರಲ್ಲಿದೆ. ಅದರಲ್ಲೂ ಹಸಿ ಈರುಳ್ಳಿ ಇರುತ್ತದೆ, ನೆನಪಿರಲಿ. ಬೆಣ್ಣೆ ದೋಸೆಯ ಚೂರೂ ಬೇಡ. ಅಷ್ಟು ಜಿಡ್ಡು ಒಮ್ಮೆಲೇ ಹೋದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ನಿಲ್ಲುವುದೇ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್ ಇವೂ ನಾಯಿಗೆ ದೂರವೇ ಇರಬೇಕು.

ಈಗ ಬೆಕ್ಕು. ಬೆಕ್ಕು ಪೂರ್ತಿ ಮಾಂಸದ ಮೇಲೆ ಬದುಕುವ ಪ್ರಾಣಿ. ಅದಕ್ಕೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ನಾಯಿ ತನ್ನ ದೇಹದಲ್ಲೇ ಅದನ್ನು ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಸಾಕಾಗುವಷ್ಟು ಮಾಡಿಕೊಳ್ಳಲು ಆಗುವುದಿಲ್ಲ. ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಸಿಗದೆ ತಿಂಗಳುಗಟ್ಟಲೆ ಹೋದರೆ ಕಣ್ಣಿನ ಒಳಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಹೊರಗಿನಿಂದ ಬೆಕ್ಕು ಚೆನ್ನಾಗಿಯೇ ಕಾಣುತ್ತದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮ್ಮ ಬಾಯಲ್ಲೇ ಇದೆ. ಅದಕ್ಕೋ ಏನೋ ಬೆಕ್ಕು ಬಂತೆಂದರೆ ಮೊದಲು ಹಾಲಿನ ಬಟ್ಟಲು ಇಡುತ್ತೇವೆ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಹಾಲು ಅನ್ನ ಬೆಕ್ಕಿನ ಹೊಟ್ಟೆ ತುಂಬಿಸಬಹುದು, ಮೈ ಹಿಡಿಯಲ್ಲ.

ದಾವಣಗೆರೆಯಲ್ಲಿ ಮಾಂಸ ಒಳಗೆ ತರದ ಮನೆಗಳು ಬಹಳ. ಅಂಥ ಮನೆಯವರು ನಾಯಿ ಸಾಕುವುದಾದರೆ ಪೂರ್ಣ ಆಹಾರ ಎಂದು ಬರೆದಿರುವ ಸಸ್ಯಾಹಾರದ ಪ್ಯಾಕೆಟ್ಟನ್ನು ಡಾಕ್ಟರನ್ನು ಕೇಳಿ ಹಾಕಬಹುದು. ಬೆಕ್ಕಿಗಾದರೆ ನನ್ನ ಮಾತು ಸ್ಪಷ್ಟ. ಬೆಕ್ಕಿನದೇ ಪ್ಯಾಕೆಟ್ ತನ್ನಿ. ಅದನ್ನು ಅಡಿಗೆಮನೆಗೆ ತರುವುದು ಬೇಡ ಎನಿಸಿದರೆ ವರಾಂಡದಲ್ಲೇ ಡಬ್ಬಿ ಇಡಿ. ಅದೂ ಆಗಲ್ಲ ಎಂದರೆ ಬೆಕ್ಕು ಸಾಕಬೇಡಿ ಎಂದೇ ಹೇಳುತ್ತೇನೆ. ಕಠಿಣ ಅನ್ನಿಸಬಹುದು. ಆದರೆ ಮೊಸರನ್ನದ ಮೇಲೆ ಇಟ್ಟ ಬೆಕ್ಕು ಬೇಲಿ ಹಾರಿ ಇಲಿ, ಗುಬ್ಬಿ ಹುಡುಕಿಕೊಂಡು ಹೋಗಿ ಗಾಡಿಗೆ ಸಿಕ್ಕಿದ್ದನ್ನು ನೋಡಿದ್ದೇನೆ.

ಮನೆಯಲ್ಲೇ ಬೇಯಿಸಿ ಹಾಕುವವರಿಗೆ ಒಂದು ಮಾತು. ಟಾರಿನ್ ನೀರಿಗೆ ಇಳಿಯುತ್ತದೆ. ಕೋಳಿ ಬೇಯಿಸಿದ ನೀರು ಚೆಲ್ಲಬೇಡಿ, ಅದನ್ನೂ ಬಟ್ಟಲಿಗೆ ಹಾಕಿ. ಇದರಿಂದ ಇನ್ನೊಂದು ಲಾಭವೂ ಇದೆ. ಬೆಕ್ಕು ನೀರು ಕುಡಿಯುವುದೇ ಕಡಿಮೆ. ಪ್ಯಾಕೆಟ್ಟಿನ ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ 10ರಷ್ಟು ಮಾತ್ರ. ಹಸಿ ಪ್ಯಾಕೆಟ್ಟಿನಲ್ಲಿ 75ಕ್ಕಿಂತ ಹೆಚ್ಚು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬರೀ ಒಣ ಕಾಳು ತಿನ್ನುವ ಬೆಕ್ಕಿನ ಮೂತ್ರ ಗಟ್ಟಿಯಾಗುತ್ತದೆ. ಚಿನ್ನಿಗೆ ಬೇಸಿಗೆಯಲ್ಲಿ ದಿನಕ್ಕೊಂದು ಹೊತ್ತು ಹಸಿ ಊಟ, ಮೂರು ಕಡೆ ನೀರಿನ ಬಟ್ಟಲು. ನೀರನ್ನು ಊಟದ ಬಟ್ಟಲಿನಿಂದ ದೂರ ಇಟ್ಟ ಮೇಲೆ ಅವಳು ಕುಡಿಯುವುದು ಜಾಸ್ತಿಯಾಯಿತು.

ನಾಯಿ ಪ್ಯಾಕೆಟ್ ಬೆಕ್ಕಿಗೆ ಹಾಕುವುದು ತಪ್ಪು. ಅದರಲ್ಲಿ ಬೆಕ್ಕಿಗೆ ಬೇಕಾದ ಟಾರಿನ್ ಇರಬೇಕೆಂಬ ನಿಯಮವೇ ಇಲ್ಲ. ಬೆಕ್ಕಿನ ಪ್ಯಾಕೆಟ್ ನಾಯಿ ಕದ್ದು ತಿಂದರೆ ಒಂದು ದಿನಕ್ಕೆ ಅಪಾಯವಿಲ್ಲ, ದಿನಾ ತಿಂದರೆ ಕೊಬ್ಬುತ್ತದೆ. ಚಿನ್ನಿಯ ಬಟ್ಟಲು ನಮ್ಮಲ್ಲಿ ಕಿಟಕಿ ಕಟ್ಟೆಯ ಮೇಲೆ ಇರುತ್ತದೆ, ರಾಜನಿಗೆ ಎಟುಕುವುದಿಲ್ಲ. ಒಡೆದ ಪ್ಯಾಕೆಟ್ಟನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಒಂದು ತಿಂಗಳಲ್ಲಿ ಮುಗಿಸಿ. ನಮ್ಮ ಸೆಕೆಗೆ ಅದರ ಜಿಡ್ಡು ಬೇಗ ಕೆಡುತ್ತದೆ. ಊಟ ಬದಲಿಸುವಾಗ ಒಂದು ವಾರ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ.

ಮತ್ತೊಂದು ವ್ಯತ್ಯಾಸ. ದೊಡ್ಡ ನಾಯಿ ಒಂದು ದಿನ ಊಟ ಬಿಟ್ಟು ಲವಲವಿಕೆಯಿಂದ ಇದ್ದರೆ ಕಾದು ನೋಡಬಹುದು. ಬೆಕ್ಕು ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. "ಹಸಿವಾದರೆ ತಾನೇ ತಿನ್ನುತ್ತೆ ಬಿಡಿ" ಅನ್ನುವ ಹಟ ಬೆಕ್ಕಿನ ಹತ್ತಿರ ನಡೆಯಲ್ಲ.

ಉಣ್ಣಿಗೆ ಪೌಡರೋ, ಸ್ಪ್ರೇಯೋ, ಮಾತ್ರೆಯೋ

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ರಾಜನ ಕಿವಿಯೊಳಗೆ ಉಣ್ಣಿ ಗೊಂಚಲು ಕಟ್ಟಿದ್ದವು. ಒಂದು ಅಂಗಡಿಯಲ್ಲಿ ಕತ್ತಿನ ಹಿಂದೆ ಬಿಡುವ ಹನಿ ಮದ್ದು ತಂದೆ. ಚಿನ್ನಿಯ ಹುಬ್ಬಿನ ಮೇಲೂ ಎರಡು ಉಣ್ಣಿ ಕಂಡಿದ್ದವು. "ಬೆಕ್ಕಿಗೂ ಹಾಕಬಹುದಾ?" ಎಂದು ಕೇಳಿದೆ. "ಚಿಕ್ಕದಲ್ವಾ, ಕಾಲು ಭಾಗ ಹಾಕಿ ಸಾಕು" ಎಂದರು. ಹಾಕಿದೆ.

ಎರಡು ಮೂರು ತಾಸಿನಲ್ಲಿ ಚಿನ್ನಿಯ ಕಿವಿ ಪಟಪಟ ಅದುರತೊಡಗಿದವು. ಆಮೇಲೆ ಬೆನ್ನಿನ ಚರ್ಮ ಅಲೆಯ ಹಾಗೆ ಏಳುತ್ತಿತ್ತು. ನಡೆಯಲು ಹೋಗಿ ಹಿಂಗಾಲು ಮಡಿಸಿ ಬಿದ್ದಳು. ಡಾಕ್ಟರಿಗೆ ಫೋನ್ ಮಾಡಿದರೆ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ತಕ್ಷಣ ತನ್ನಿ ಎಂದರು. ಎರಡು ದಿನ ಡ್ರಿಪ್ ಹಾಕಿಸಿದೆವು. ಬದುಕಿದಳು.

ಆ ಹನಿಯಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಗೆ ಏನೂ ಮಾಡದ ಮದ್ದು. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಒಡೆದು ಹೊರಹಾಕುವ ಶಕ್ತಿ ಇಲ್ಲ, ಹಾಗಾಗಿ ಮೈಯಲ್ಲೇ ನಿಂತು ನರಗಳನ್ನು ಹಿಡಿಯುತ್ತದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದೂ ಇದೇ ಕಾರಣಕ್ಕೆ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಇಲ್ಲಿ ಕಾಲು ಭಾಗ, ಅರ್ಧ ಭಾಗದ ಲೆಕ್ಕವೇ ಬರುವುದಿಲ್ಲ.

ಈಗ ಹೋಲಿಕೆಗೆ ಬರೋಣ. ನಾಯಿಗೆ ನಾನು ಈಗ ಆರಿಸುವುದು ಮಾತ್ರೆ. ತಿಂಗಳಿಗೊಮ್ಮೆ ಕೊಡುವ ಬಗೆ ಇದೆ, ಮೂರು ತಿಂಗಳಿಗೊಮ್ಮೆ ಕೊಡುವ ಬಗೆಯೂ ಇದೆ. ನಾಯಿಯ ತೂಕಕ್ಕೆ ತಕ್ಕ ಹಾಗೆ ಡಾಕ್ಟರು ಬರೆದುಕೊಡುತ್ತಾರೆ. ಬೆಲೆ ಜಾಸ್ತಿ, ನಿಜ. ಆದರೆ ಸ್ನಾನ ಮಾಡಿಸಿದರೆ ಹೋಗಲ್ಲ, ಮಕ್ಕಳು ನಾಯಿಯನ್ನು ತಬ್ಬಿಕೊಂಡರೆ ಕೈಗೆ ಹತ್ತಲ್ಲ, ಪಕ್ಕದಲ್ಲಿ ಮಲಗುವ ಬೆಕ್ಕಿಗೂ ತಾಗಲ್ಲ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ಈ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರುವುದುಂಟು.

ಫಿಪ್ರೊನಿಲ್ ಎಂಬ ಮದ್ದು ಇರುವ ಸ್ಪ್ರೇ, ಹನಿ ಎರಡನೆಯ ಆಯ್ಕೆ. ಕೆಲಸ ಮಾಡುತ್ತದೆ. ಹನಿ ಹಾಕುವ ಎರಡು ದಿನ ಮುಂಚೆ, ಎರಡು ದಿನ ಆಮೇಲೆ ಸ್ನಾನ ಮಾಡಿಸಬಾರದು. ಬೆಕ್ಕಿಗೂ ಇದೇ ಮದ್ದು ಸಿಗುತ್ತದೆ, ಆದರೆ ಬೆಕ್ಕಿನ ಚಿತ್ರ ಇರುವ, ಬೆಕ್ಕಿಗೆಂದೇ ಮಾಡಿದ ಹನಿಯನ್ನೇ ತರಬೇಕು. ನಾಲಿಗೆಗೆ ಸಿಗದ ಹಾಗೆ ಕತ್ತಿನ ಹಿಂದೆ, ತಲೆಬುರುಡೆಯ ಬುಡದಲ್ಲಿ, ಕೂದಲು ಬಿಡಿಸಿ ಚರ್ಮದ ಮೇಲೆ ಬಿಡಿ. ಬೆಕ್ಕು ದಿನವಿಡೀ ಮೈ ನೆಕ್ಕುತ್ತದೆ. ಮೇಲೆ ಹಾಕಿದ್ದೆಲ್ಲ ಹೊಟ್ಟೆಗೆ ಹೋಯಿತು ಎಂದೇ ತಿಳಿಯಿರಿ. ಪೌಡರನ್ನು ನಾನು ಬೆಕ್ಕಿರುವ ಮನೆಗೆ ಬೇಡವೇ ಬೇಡ ಎನ್ನುವುದು ಅದಕ್ಕೇ.

ಹಳ್ಳಿ ಕಡೆ ದನಕ್ಕೆ ಹೊಡೆಯುವ ಉಣ್ಣಿ ಔಷಧವನ್ನೇ ನೀರಿಗೆ ಬೆರೆಸಿ ನಾಯಿಗೂ ಸುರಿಯುತ್ತಾರೆ. ಅಗ್ಗ, ಮನೆಯಲ್ಲೇ ಇರುತ್ತದೆ. ಅಳತೆ ತಪ್ಪಿದರೆ ನಾಯಿಗೂ ಅಪಾಯ, ಬೆಕ್ಕಿಗಂತೂ ಹನಿ ತಾಗಿದರೂ ಕಷ್ಟ. ಸೀಮೆಎಣ್ಣೆ ಸವರುವುದು ಚರ್ಮ ಸುಡುತ್ತದೆ. ಬೇವಿನ ಎಣ್ಣೆಯನ್ನು ನಾನೂ ಒಂದು ಬೇಸಿಗೆ ಪೂರ್ತಿ ಹಚ್ಚಿ ನೋಡಿದೆ, ಉಣ್ಣಿ ಕಡಿಮೆಯಾಗಲಿಲ್ಲ.

ಯಾವ ಮದ್ದು ಆರಿಸಿದರೂ ಕೈಯಿಂದ ಹುಡುಕುವ ಕೆಲಸ ತಪ್ಪಲ್ಲ. ಸಂಜೆ ಬಾಗಿಲ ಮುಂದೆ ಕುಳಿತು, ಸ್ಟೀಲ್ ಲೋಟದಲ್ಲಿ ಸೋಪಿನ ನೀರು ಇಟ್ಟುಕೊಂಡು, ರಾಜನ ತಲೆ ತೊಡೆ ಮೇಲೆ ಹಾಕಿಕೊಳ್ಳುತ್ತೇನೆ. ಮೊದಲು ಕಿವಿಯ ಒಳಮಡಿಕೆ, ಆಮೇಲೆ ಕುತ್ತಿಗೆ ಬೆಲ್ಟಿನ ಅಡಿ, ಕಂಕುಳು, ಕೊನೆಗೆ ಕಾಲ ಬೆರಳ ಸಂದಿ. ಬೆರಳ ಸಂದಿ ಮುಟ್ಟಿದಾಗ ಕಾಲು ಎಳೆದುಕೊಳ್ಳುತ್ತಾನೆ, ಉಣ್ಣಿ ಇರುವುದು ಅಲ್ಲೇ. ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಬೇಕು. ತಿರುಚಬಾರದು, ಉಗುರಲ್ಲಿ ಒಡೆಯಬಾರದು. ಎಳೆದದ್ದು ಲೋಟದೊಳಕ್ಕೆ ಹೋಗಲಿ.

ನಾಯಿಯ ಮೈಮೇಲೆ ಕಾಣುವುದು ಸ್ವಲ್ಪವೇ. ಉಳಿದವು ಗೋಡೆಯ ಬಿರುಕಿನಲ್ಲಿ, ಮಲಗುವ ಗೋಣಿಚೀಲದ ಅಡಿಯಲ್ಲಿ ಇರುತ್ತವೆ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಗೋಣಿಚೀಲ ಸುಟ್ಟುಹಾಕಿ, ಬಿಸಿನೀರಲ್ಲಿ ಒಗೆಯಲು ಬರುವ ಹಳೇ ಬೆಡ್‌ಶೀಟ್ ಹಾಸಿ. ಬಿರುಕುಗಳಿಗೆ ಸಿಮೆಂಟ್ ಮೆತ್ತಿ. ನಮ್ಮಲ್ಲಿ ಅರ್ಧ ಉಣ್ಣಿ ಕಡಿಮೆಯಾದದ್ದು ಕಾಂಪೌಂಡ್ ಗೋಡೆಗೆ ಗಿಲಾಯಿ ಮಾಡಿಸಿದ ಮೇಲೆ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಉಣ್ಣಿ ಜ್ವರದ ಭಯಕ್ಕೆ. ನಾಯಿ ಮಂಕಾಗಿ ಊಟ ಬಿಟ್ಟರೆ ತುಟಿ ಎತ್ತಿ ವಸಡು ನೋಡಿ. ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ವಾಸಿಯಾಗುತ್ತದೆ. ಎರ್ಲಿಕಿಯಾ ಎಂಬ ಬಗೆಗೆ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರೆ ಇರುತ್ತದೆ. ನಾಯಿ ಮೂರನೇ ದಿನಕ್ಕೇ ಎದ್ದು ಓಡಾಡಿದರೂ ಕೋರ್ಸ್ ಮುಗಿಸಲೇಬೇಕು.

ಇಂಜೆಕ್ಷನ್ನೋ, ಆಪರೇಷನ್ನೋ

ಹೆಣ್ಣು ನಾಯಿ, ಹೆಣ್ಣು ಬೆಕ್ಕು ಬೆದೆಗೆ ಬರದಂತೆ ಇಂಜೆಕ್ಷನ್ ಹಾಕಿಸುವವರಿದ್ದಾರೆ. ಕಡಿಮೆ ಖರ್ಚು, ಹೊಲಿಗೆ ಇಲ್ಲ ಎಂಬ ಆಸೆ. ನಾನು ಬೇಡ ಎನ್ನುತ್ತೇನೆ. ಆ ಹಾರ್ಮೋನಿನಿಂದ ಗರ್ಭಕೋಶದಲ್ಲಿ ಕೀವು ತುಂಬುವ, ಮೊಲೆಯಲ್ಲಿ ಗಡ್ಡೆ ಬರುವ ಅಪಾಯ ಹೆಚ್ಚುತ್ತದೆ. ಆಪರೇಷನ್ ಮಾಡಿಸಿದರೆ ಗರ್ಭಕೋಶದ ಕಾಟವೇ ಇರುವುದಿಲ್ಲ. ಬೆಕ್ಕು 4-5 ತಿಂಗಳಿಗೇ ಬೆದೆಗೆ ಬರಬಹುದು, 9 ವಾರಕ್ಕೆ ಮರಿ ಹಾಕುತ್ತದೆ. ಹಾಗಾಗಿ ಬೆಕ್ಕಿಗೆ 5 ತಿಂಗಳ ಸುಮಾರಿಗೆ ಡಾಕ್ಟರ ಹತ್ತಿರ ಮಾತಾಡಿ. ನಾಯಿಗೆ ಅದರ ಗಾತ್ರ ನೋಡಿ ಅವರೇ ಸಮಯ ಹೇಳುತ್ತಾರೆ. ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು ಮಂಕಾದರೆ ಕೂಡಲೇ ತೋರಿಸಿ.

ಹೊರಗೆ ಬಿಡೋದಾ, ಒಳಗೇ ಇಡೋದಾ

ನಾಯಿಗೆ ದಿನಾ ಹೊರಗಿನ ಸುತ್ತಾಟ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ 7ರೊಳಗೆ, ಸಂಜೆ 6.30ರ ಮೇಲೆ ಕುಂದುವಾಡ ಕೆರೆ ಕಡೆ ಹೋಗಿ. ನಿಮ್ಮ ಅಂಗೈ ಹಿಂಭಾಗ ಕಾಂಕ್ರೀಟ್ ರಸ್ತೆಗೆ ಒತ್ತಿ ನೋಡಿ, ನಿಮಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯಲ್ಲ.

ಬೆಕ್ಕಿಗೆ ಹೊರಗಿನ ತಿರುಗಾಟ ಇಲ್ಲದಿದ್ದರೂ ನಡೆಯುತ್ತದೆ. ಕಿಟಕಿಯಲ್ಲಿ ಕೂರಲು ಜಾಗ, ಹತ್ತಲು ಒಂದು ಸಜ್ಜಾ, ದಿನಕ್ಕೆ ಎರಡು ಸಲ ಹತ್ತು ನಿಮಿಷ ಆಟ ಸಾಕು. ಹೊರಗೆ ಬಿಡುವುದಾದರೆ ಆಪರೇಷನ್, ಲಸಿಕೆ ಆದ ಮೇಲೆ ಬಿಡಿ, ಕತ್ತಲಾಗುವ ಮುಂಚೆ ಊಟದ ಹೊತ್ತಿಗೆ ಒಳಗೆ ಕರೆಯಿರಿ.

ದನದ ಆಸ್ಪತ್ರೆಯೋ, ಪ್ರೈವೇಟೋ, ಶಿವಮೊಗ್ಗವೋ

ಹೆಸರು ದನದ ಆಸ್ಪತ್ರೆ ಎಂದು ಸರ್ಕಾರಿ ಪಶು ಆಸ್ಪತ್ರೆಯನ್ನು ಕಡೆಗಣಿಸಬೇಡಿ. ಅಲ್ಲಿರುವವರೂ ನಾಯಿ, ಬೆಕ್ಕು ಓದಿ ಬಂದ ಡಾಕ್ಟರೇ. ರೇಬೀಸ್ ಲಸಿಕೆ, ಜಂತುಹುಳದ ಮದ್ದು, ಗಾಯಕ್ಕೆ ಡ್ರೆಸಿಂಗ್ ಇಂಥದ್ದಕ್ಕೆ ನಾನು ರಾಜನನ್ನು ಅಲ್ಲಿಗೇ ಕರೆದೊಯ್ಯುತ್ತೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುತ್ತಿನಲ್ಲಿ ಉಚಿತ ಲಸಿಕೆ ಶಿಬಿರಗಳೂ ನಡೆಯುತ್ತವೆ. ಬೆಕ್ಕಿಗೂ ರೇಬೀಸ್ ಲಸಿಕೆ ಬೇಕು. ಬೆಕ್ಕು ಕಚ್ಚಿದರೂ ಆ ರೋಗ ಬರುತ್ತದೆ. ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ನೇರ ಮನುಷ್ಯರ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ.

ಚಿನ್ನಿಗೆ ನಾನು ಪ್ರೈವೇಟ್ ಕ್ಲಿನಿಕ್ ಆರಿಸುತ್ತೇನೆ. ದುಡ್ಡು ಜಾಸ್ತಿ, ಆದರೆ ಫೋನ್ ಮಾಡಿ ಸಮಯ ತೆಗೆದುಕೊಂಡು ಹೋಗಬಹುದು. ಬೊಗಳುವ ನಾಯಿಗಳ ನಡುವೆ ಒಂದು ತಾಸು ಕಾಯಿಸಿದ ಬೆಕ್ಕಿನ ಎದೆ ಬಡಿತ, ಜ್ವರ ಯಾವುದೂ ಸರಿಯಾಗಿ ತಿಳಿಯಲ್ಲ. ಕ್ಲಿನಿಕ್ ಆರಿಸುವಾಗ ನಾನು ಕೇಳುವುದು ಮೂರು. ರಕ್ತ ಪರೀಕ್ಷೆ ಅಲ್ಲೇ ಆಗುತ್ತದಾ? ರಾತ್ರಿ ಫೋನ್ ಎತ್ತುತ್ತಾರಾ? ಬೆಕ್ಕಿನ ಮೂರು ರೋಗದ ಲಸಿಕೆ ಇಟ್ಟಿರುತ್ತಾರಾ? ಮರಿಗಳ ಲಸಿಕೆ ನಾಯಿಗೆ 6-8 ವಾರಕ್ಕೆ, ಬೆಕ್ಕಿಗೆ 8 ವಾರಕ್ಕೆ ಶುರುವಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೂ ಮುಂದುವರಿಯಬೇಕು. ಒಂದು ಡೋಸಿಗೆ ನಿಲ್ಲಿಸಿ ಪಾರ್ವೊ ಎಂಬ ವಾಂತಿ ಭೇದಿ ರೋಗಕ್ಕೆ ಮರಿ ಕಳೆದುಕೊಂಡವರ ಕಣ್ಣೀರು ನೋಡಿದ್ದೇನೆ.

ಸ್ಕ್ಯಾನಿಂಗ್, ದೊಡ್ಡ ಆಪರೇಷನ್ ಎಂದಾಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊನ್ನಾಳಿ ಮೇಲೆ ಹೋದರೆ ಸುಮಾರು ಎರಡು ತಾಸು. ನಿಧಾನಕ್ಕೆ ಬೆಳೆದ ಗಡ್ಡೆ, ವಾಸಿಯಾಗದ ಕುಂಟು ಇದ್ದರೆ ಅಲ್ಲಿಗೆ ಹೋಗುವುದು ಒಳ್ಳೆಯದು. ತುರ್ತು ಇದ್ದಾಗ ಮೊದಲು ಹತ್ತಿರದ ಡಾಕ್ಟರು.

ತುರ್ತು ಯಾವುದು ಎಂಬುದೂ ಎರಡಕ್ಕೂ ಬೇರೆ. ಚಿತ್ರದುರ್ಗದ ನಮ್ಮ ಅಕ್ಕನ ಮನೆಯ ಗಂಡು ಬೆಕ್ಕು ಒಂದು ಬೆಳಿಗ್ಗೆ ಮರಳಿನ ಟ್ರೇಯಲ್ಲಿ ಮತ್ತೆ ಮತ್ತೆ ಕೂತು ಏಳುತ್ತಿತ್ತು. ಮಲಬದ್ಧತೆ ಎಂದುಕೊಂಡು ಅಕ್ಕ ಹರಳೆಣ್ಣೆ ಕುಡಿಸಿದಳು. ಸಂಜೆ ಫೋನಿನಲ್ಲಿ ವಿಷಯ ಕೇಳಿ, "ಅಕ್ಕಾ, ಮರಳು ಒದ್ದೆಯಾಗಿದೆಯಾ ನೋಡು" ಎಂದೆ. ಒಣಗಿತ್ತು. ಮೂತ್ರ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ. ಅವತ್ತು ರಾತ್ರಿಯೇ ನಳಿಗೆ ಹಾಕಿಸಿದ್ದರಿಂದ ಉಳಿಯಿತು. ನಾಯಿಗೆ ನೋವಾದರೆ ಕುಂಯ್ ಎನ್ನುತ್ತದೆ, ಬಂದು ನಮ್ಮ ಕಾಲ ಬಳಿ ಮಲಗುತ್ತದೆ. ಬೆಕ್ಕು ಮಂಚದ ಕೆಳಗೆ ಹೋಗಿ ಸುಮ್ನೆ ಕೂರುತ್ತದೆ. ಆದ್ದರಿಂದ ಮರಳಿನ ಟ್ರೇಯನ್ನು ದಿನಕ್ಕೆರಡು ಸಲ ನಿಮ್ಮ ಕೈಯಾರೆ ತೆಗೆದು ನೋಡಿ.

ಬೆಕ್ಕನ್ನು ತೋಳಲ್ಲಿ ಹಿಡಿದು ಬೈಕ್ ಹತ್ತಬೇಡಿ. ಹಾರ್ನ್‌ಗೆ ಬೆದರಿ ಗುಂಡಿ ವೃತ್ತದಂಥ ಕಡೆ ಹಾರಿದರೆ ಮತ್ತೆ ಸಿಗಲ್ಲ. ಮುಚ್ಚಳ ಇರುವ ಬುಟ್ಟಿ ಬೇಕು. ಆ ಬುಟ್ಟಿಯನ್ನು ಅಟ್ಟದ ಮೇಲೆ ಇಟ್ಟು ಆಸ್ಪತ್ರೆಗೆ ಹೋಗುವ ದಿನ ಮಾತ್ರ ಇಳಿಸಿದರೆ ನೋಡಿದ ಕೂಡಲೇ ಬೆಕ್ಕು ಮಾಯ. ನಮ್ಮಲ್ಲಿ ಅದು ನಡುಮನೆಯ ಮೂಲೆಯಲ್ಲಿ ಬಾಗಿಲು ತೆರೆದೇ ಇರುತ್ತದೆ. ಒಳಗೆ ನಮ್ಮ ಅತ್ತೆಯ ಹಳೇ ಇಳಕಲ್ ಸೀರೆ ಮಡಿಸಿ ಹಾಸಿದ್ದೇನೆ. ಮಧ್ಯಾಹ್ನ ಚಿನ್ನಿ ಅದರೊಳಗೇ ಮಲಗುತ್ತಾಳೆ, ರಾಜ ಅದಕ್ಕೆ ಬೆನ್ನು ಹಚ್ಚಿ ಹೊರಗೆ ಮಲಗುತ್ತಾನೆ. ಹೋಗಬೇಕಾದ ದಿನ ಚಿಲಕ ಹಾಕಿ ಎತ್ತಿಕೊಂಡರೆ ಆಯಿತು.